ಲೋಕಾಪುರದಲ್ಲಿ ಇಳಿದುಬಿಡುತ್ತಿದ್ದವರು: ಅಪಘಾತದ ನಂತರ ಥೆರಪಿಸ್ಟ್ ಹುಡುಕಿದ ಒಂದು ಪ್ರಕರಣ

ಈ ಬರಹದಲ್ಲಿ ಬರುವವರನ್ನು ‘ಚಾಲಕ’ ಎಂದಷ್ಟೇ ಕರೆಯುತ್ತೇನೆ. ಅವರೂ ಅವರ ಹೆಂಡತಿಯೂ ಒಪ್ಪಿದ ಮೇಲೆ, ಓದಿಸಿ ಕೇಳಿ ಎರಡು ಕಡೆ ತಿದ್ದಿಸಿದ ಮೇಲೆ ಇದನ್ನು ಹೊರಗೆ ಬಿಟ್ಟಿದ್ದೇನೆ. ವಯಸ್ಸು, ಊರು, ಮನೆಮಂದಿಯ ಲೆಕ್ಕ, ಅಪಘಾತವಾದ ಜಾಗ ಎಲ್ಲವನ್ನೂ ಬದಲಿಸಿದ್ದೇನೆ. ಈ ಪ್ರಕರಣದಲ್ಲಿ ದಾರಿಗೆ ದೊಡ್ಡ ಪಾತ್ರವಿದೆ. ಹಾಗಾಗಿ ಬದಲಿಸಿ ಇಟ್ಟ ದಾರಿಯೂ ನಮ್ಮ ಭಾಗದವರು ದಿನಾ ಓಡಾಡುವ ದಾರಿಯೇ ಆಗಿರಲಿ ಅನಿಸಿತು.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ. ಔಷಧ ಬರೆಯುವವನಲ್ಲ. ಆಘಾತಕ್ಕೆಂದೇ ಇರುವ ಥೆರಪಿಯ ತರಬೇತಿಯೂ ನನಗಿಲ್ಲ. ಬಂದವರನ್ನು ಸರಿಯಾದ ಕಡೆ ಮುಟ್ಟಿಸುವುದು ನನ್ನ ಕೆಲಸ. ಅಪಘಾತದ ರಾತ್ರಿಯಿಂದ ಥೆರಪಿಯ ಮೊದಲ ದಿನಕ್ಕೆ ಹತ್ತು ತಿಂಗಳು ಹಿಡಿಯಿತು, ಥೆರಪಿಗೆ ಹಿಡಿದದ್ದು ನಾಲ್ಕೇ ತಿಂಗಳು. ಆ ಹತ್ತು ತಿಂಗಳಲ್ಲಿ ಒಂದಷ್ಟು ಭಾಗ ನನ್ನ ತಪ್ಪಿನಿಂದ ಹೋಯಿತು.

ಆ ರಾತ್ರಿ, ಮತ್ತು ಭಂಡಾರದ ವಾಸನೆ

ಚಾಲಕರಿಗೆ ಮೂವತ್ತರ ಆಸುಪಾಸು. ಹಳೆ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಪುನರ್ವಸತಿ ಕೇಂದ್ರದಲ್ಲಿ ಸಿಕ್ಕ ಜಾಗದಲ್ಲಿ ಎರಡು ಖೋಲಿಯ ಮನೆ, ಸ್ವಲ್ಪ ಹೊಲ, ಫೈನಾನ್ಸಿನ ಮೇಲೆ ತೆಗೆದ ಒಂದು ಕ್ರೂಸರ್. ಲಗ್ನ, ಜಾತ್ರೆ, ಆಸ್ಪತ್ರೆ ಎಲ್ಲದಕ್ಕೂ ಓಣಿಯವರಿಗೆ ಅವರದೇ ಗಾಡಿ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹನ್ನೆರಡು ಮಂದಿಯನ್ನು ಕರೆದುಕೊಂಡು ಹೋಗಿದ್ದರು. ರಾತ್ರಿ ಒಂದರ ಮೇಲೆ ವಾಪಸು ಬರುವಾಗ ಯರಗಟ್ಟಿ ಮತ್ತು ಲೋಕಾಪುರದ ನಡುವೆ ಕಬ್ಬು ತುಂಬಿದ ಟ್ರೇಲರ್ ಒಂದು ಟಯರ್ ಪಂಕ್ಚರ್ ಆಗಿ ರಸ್ತೆಯ ಮೇಲೇ ನಿಂತಿತ್ತು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿ ಇಲ್ಲ, ಗುರುತಿಗೆಂದು ಇಟ್ಟ ನಾಲ್ಕು ಕಲ್ಲು ಅಷ್ಟೆ. ಟ್ರ್ಯಾಕ್ಟರಿನ ದೊಡ್ಡ ಸ್ಪೀಕರಿನಲ್ಲಿ ಹಾಡು ಮಾತ್ರ ಜೋರಾಗಿ ಹತ್ತಿತ್ತು. ಮುಂದಿನ ಸೀಟಿನಲ್ಲಿದ್ದ ದೊಡ್ಡಪ್ಪನ ಮಗ ಮತ್ತು ಹಿಂದೆ ಕುಳಿತಿದ್ದ ಒಬ್ಬ ಅಜ್ಜಿ ತೀರಿಕೊಂಡರು. ಚಾಲಕರಿಗೆ ಆದದ್ದು ಮಣಿಕಟ್ಟಿನ ಮುರಿತ, ಹಣೆಗೆ ಎಂಟು ಹೊಲಿಗೆ.

ಕೈ ಆರು ವಾರದಲ್ಲಿ ಕೂಡಿತು. ಉಳಿದದ್ದು ಕೂಡಲಿಲ್ಲ. ರಾತ್ರಿ ಮೂರು ತಾಸು ನಿದ್ದೆ ಬಂದರೆ ಹೆಚ್ಚು, ಅದರಲ್ಲೂ ಚೀರಿಕೊಂಡು ಏಳುವುದು. ಹೊರಗೆ ಟ್ರ್ಯಾಕ್ಟರಿನ ಹಾಡು ಕೇಳಿದರೆ ಎದ್ದು ಒಳಗಿನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ತೀರಿಕೊಂಡ ಅಣ್ಣನ ಮನೆ ಎದುರು ಸಾಲಿನಲ್ಲೇ ಇದ್ದರೂ ಆ ಕಡೆ ಮುಖ ಮಾಡದಿರುವುದು. ಮಕ್ಕಳ ಮೇಲೆ ಕಾರಣವಿಲ್ಲದ ಸಿಟ್ಟು. ಎಲ್ಲಕ್ಕಿಂತ ವಿಚಿತ್ರವಾಗಿ ಮನೆಯವರಿಗೆ ಕಂಡದ್ದು ಅರಿಷಿಣದ ವಾಸನೆಗೆ ಅವರಿಗೆ ಬರುತ್ತಿದ್ದ ವಾಂತಿ. ಗುಡ್ಡದಿಂದ ತಂದ ಭಂಡಾರದ ಚೀಲ ಆ ರಾತ್ರಿ ಗಾಡಿಯೊಳಗೆ ಒಡೆದು ಎಲ್ಲರ ಮೈಮೇಲೆ ಚೆಲ್ಲಿತ್ತು. ಮನೆಯವರಿಗೆ ಆ ಸಂಬಂಧ ಹೊಳೆಯಲಿಲ್ಲ. ಭಂಡಾರ ಕಂಡರೆ ಆಗುವುದಿಲ್ಲ ಎಂದರೆ ಅಮ್ಮನ ಸಿಟ್ಟೇ ಇರಬೇಕು ಎಂದುಕೊಂಡರು. ಹೆಂಡತಿ ಅರಿಷಿಣವಿಲ್ಲದ ಅಡಿಗೆ ಮಾಡತೊಡಗಿದರು.

ನಿಂಬೆಹಣ್ಣು ಇಳಿ ತೆಗೆಸಿದರು, ಅಂತ್ರ ಕಟ್ಟಿಸಿದರು, ಪಕ್ಕದೂರಿಗೆ ಹೇಳಿಕೆ ಕೇಳಲು ಹೋದರು. ಇಲ್ಲಿ ಒಂದು ಮಾತು ಸೇರಿಸಬೇಕು. ಆ ಪೂಜಾರಿ, “ಅಂಜಿಕಿ ಹೊಕ್ಕೈತಿ, ದೊಡ್ಡ ದವಾಖಾನಿಗೂ ತೋರಸ್ರಿ” ಎಂದೇ ಹೇಳಿ ಕಳಿಸಿದ್ದರು. ಅಲ್ಲಿಯವರೆಗೆ ನೋಡಿದವರಲ್ಲಿ ರೋಗದ ಹತ್ತಿರಕ್ಕೆ ಬಂದವರು ಅವರೊಬ್ಬರೇ. ದವಾಖಾನೆಗಳಲ್ಲಿ ಇಸಿಜಿ, ಎಕೋ, ತಲೆಯ ಸ್ಕ್ಯಾನ್ ಎಲ್ಲ ಆಗಿ ಸುಮಾರು ನಲವತ್ತು ಸಾವಿರ ರೂಪಾಯಿ ಖರ್ಚಾಯಿತು. ಎಲ್ಲ ಕಡೆಯೂ ‘ಏನೂ ಇಲ್ಲ’ ಎಂಬ ಉತ್ತರ. ಊರಿನ ಹತ್ತಿರದ ಒಬ್ಬ ವೈದ್ಯರು ನಿದ್ದೆಗೆಂದು ಆಲ್ಪ್ರಜೋಲಾಮ್ ಬರೆದುಕೊಟ್ಟರು. ವಾರಕ್ಕೆಂದು ಬರೆದ ಗುಳಿಗೆ ಐದು ತಿಂಗಳು ನಡೆಯಿತು, ಜೊತೆಗೆ ರಾತ್ರಿ ಕ್ವಾರ್ಟರ್ ಕೂಡ. ಈ ಜಾತಿಯ ಗುಳಿಗೆಗಳು ಆಘಾತದ ನಂತರ ಉಳಿದುಬಿಡುವ ಮನೋರೋಗವಾದ ಪಿಟಿಎಸ್‌ಡಿಯನ್ನು ವಾಸಿ ಮಾಡುವುದಿಲ್ಲ, ಬಹಳ ದಿನ ತೆಗೆದುಕೊಂಡರೆ ಚಟವಾಗುತ್ತವೆ, ಶೆರೆಯ ಜೊತೆ ಸೇರಿದರೆ ಉಸಿರಿಗೇ ಅಪಾಯ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಒಂದು ಫೋನು, ಒಂದು ಮಂಗಳವಾರ

ಜೂನ್ ಕೊನೆಯ ಒಂದು ರಾತ್ರಿ ಹೆಂಡತಿ 14416ಕ್ಕೆ ಫೋನು ಹಚ್ಚಿದರು. ಅದು ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಪುಕ್ಕಟೆ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ. ನಂಬರು ಅವರಿಗೆ ಸಿಕ್ಕಿದ್ದು ಆಶಾ ಕಾರ್ಯಕರ್ತೆಯಿಂದ. ಆಮೇಲೆ ಅವರು ನನಗೆ ಹೇಳಿದ್ದು ಇಷ್ಟು: “ಹೆಣಮಗಳೊಬ್ಬಾಕಿ ಮಾತಾಡಿದ್ಲ್ರಿ ಸರ. ಅಪಘಾತ ಆದ ಮ್ಯಾಲಿಂದನ ಹಿಂಗಾಗೈತೇನ್ರಿ ಅಂತ ಕೇಳಿದ್ಲು. ಐದ ತಿಂಗಳದಾಗ ಒಬ್ಬರೂ ಅದನ್ನ ಕೇಳಿದ್ದಿಲ್ಲರಿ.”

ಸಹಾಯವಾಣಿಯೇ ಚಿಕಿತ್ಸೆಯಲ್ಲ. ಆದರೆ ಅಲ್ಲಿಂದ ಅವರಿಗೆ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿನ ದಾರಿ ಗೊತ್ತಾಯಿತು. ಮಂಗಳವಾರ ಮನೋವೈದ್ಯರು ತಾಲ್ಲೂಕಿಗೇ ಬರುವ ವ್ಯವಸ್ಥೆ ಅದು. ಜುಲೈನ ಒಂದು ಮಂಗಳವಾರ ಗಂಡ ಹೆಂಡತಿ ಇಬ್ಬರೂ ಬಂದರು, ಜೊತೆಗೆ ಮಾವ.

ಇನ್ನು ನನ್ನ ತಪ್ಪು. ಅವತ್ತು ಅರವತ್ತರ ಹತ್ತಿರ ಮಂದಿ. ಬಾಗಿಲಿಲ್ಲದ ಖೋಲಿ, ಒಂದು ಟೇಬಲ್ಲು. ವೈದ್ಯರ ಮುಂದೆ ಕಳಿಸುವ ಮೊದಲು ಹಿನ್ನೆಲೆ ಬರೆದುಕೊಳ್ಳುವುದು ನನ್ನ ಪಾಲಿನದು. ಮಾವ ಪಕ್ಕದಲ್ಲಿ ಕುಳಿತಿದ್ದರು, ಮುಂದಿನ ಪಾಳಿಯವರು ಬೆನ್ನ ಹಿಂದೆ ನಿಂತಿದ್ದರು. ನಾನು ಪೆನ್ನು ಹಿಡಿದು, “ಅವತ್ತ ಏನಾತು, ಮೊದಲಿಂದ ಹೇಳ್ರಿ” ಎಂದೆ. ಅವರು ಹೇಳಲು ಶುರುಮಾಡಿದರು. “ಟ್ರ್ಯಾಕ್ಟರದಾಗ ಹಾಡ ಹತ್ತಿತ್ರಿ...” ಎಂಬಲ್ಲಿಗೆ ನಿಂತರು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. “ಚಾ ಕುಡದ ಬರ್ತೀನ್ರಿ ಸರ” ಎಂದು ಎದ್ದು ಹೋದವರು ಏಳು ವಾರ ಬರಲಿಲ್ಲ.

ಆಘಾತ ಅನುಭವಿಸಿದವರು ಮೊದಲ ದಿನವೇ ಎಲ್ಲ ಹೇಳಿಕೊಂಡರೆ ಹಗುರಾಗುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅಪಘಾತದ ಬೆನ್ನಲ್ಲೇ ಒಮ್ಮೆ ಕೂರಿಸಿ ಎಲ್ಲ ಹೇಳಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ ಎಂದು ಕಂಡಮೇಲೆ ಅದನ್ನು ಮಾಡಬಾರದೆಂದೇ ಮಾರ್ಗಸೂಚಿಗಳು ಹೇಳುತ್ತವೆ. ನನಗೆ ಇದು ಓದಿ ಗೊತ್ತಿತ್ತು. ಗದ್ದಲದ ಮಂಗಳವಾರ ಓದಿದ್ದು ನೆನಪಿಗೆ ಬರುವುದಿಲ್ಲ.

ಆಗಸ್ಟ್ ಕೊನೆಗೆ ಹೆಂಡತಿ ಒಬ್ಬರೇ ಬಂದರು. ನಾನು ಅವರ ಕೈಯಲ್ಲಿ ಎರಡು ಮಾತು ಹೇಳಿ ಕಳಿಸಿದೆ: ಆ ರಾತ್ರಿಯ ವಿಷಯ ಯಾರೂ ಕೇಳುವುದಿಲ್ಲ, ಮಧ್ಯಾಹ್ನ ಒಂದೂವರೆಗೆ, ಮಂದಿ ಕರಗಿದ ಮೇಲೆ ಬರಲಿ. ಮುಂದಿನ ವಾರ ಬಂದರು. ನಿದ್ದೆ, ಗುಳಿಗೆ, ಶೆರೆ ಇಷ್ಟೇ ಕೇಳಿದೆ. ಆಮೇಲೆ ನೇರವಾಗಿ, “ಜೀವಾ ಸಾಕಾಗೈತಿ ಅನ್ನಿಸಿದ್ದೈತೇನ್ರಿ ಅಣ್ಣಾರ?” ಎಂದೆ. ಸ್ವಲ್ಪ ಹೊತ್ತು ನೆಲ ನೋಡಿ “ಹೌದ್ರಿ” ಎಂದರು. ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತಾಗುತ್ತದೆ ಎಂದು ಹಿಂಜರಿಯುವವರು ಬಹಳ. ಹಾಗಾಗುವುದಿಲ್ಲ. ಯಾರಾದರೂ ಕೇಳಲಿ ಎಂದೇ ಅವರು ಕಾಯುತ್ತಿದ್ದಂತಿತ್ತು. ಅದೇ ದಿನ ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಗಳು ತಮ್ಮನ ಮನೆಗೆ ಹೋದವು, ಗುಳಿಗೆಯ ಪಟ್ಟಿ ಹೆಂಡತಿಯ ಕೈಗೆ ಬಂತು, 14416 ಇಬ್ಬರ ಫೋನಿನಲ್ಲೂ ಸೇವ್ ಆಯಿತು.

ಪಿಸಿಎಲ್-5 ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು ಅಂಕ 80, ಮೂವತ್ತೊಂದು ಮೂವತ್ಮೂರು ದಾಟಿದರೆ ಪಿಟಿಎಸ್‌ಡಿ ಇದೆಯೇ ಎಂದು ಸರಿಯಾಗಿ ನೋಡಬೇಕು. ಒಂದೊಂದೇ ಪ್ರಶ್ನೆ ಓದಿ ಹೇಳಿ ಕೇಳಿದಾಗ ಇವರದು 57 ಬಂತು. ರೋಗ ನಿರ್ಧಾರ ಮಾಡುವುದು ಆ ಅಂಕವಲ್ಲ, ವೈದ್ಯರು. ಮನೋವೈದ್ಯರು ಮಾತಾಡಿಸಿ ನೋಡಿ ಪಿಟಿಎಸ್‌ಡಿ ಎಂದರು, ಖಿನ್ನತೆಗೂ ಇದಕ್ಕೂ ಕೊಡುವ ಸರ್ಟ್ರಲೀನ್ ಗುಳಿಗೆ ಶುರುಮಾಡಿದರು, ಆಲ್ಪ್ರಜೋಲಾಮ್ ಅನ್ನು ಒಮ್ಮೆಲೇ ನಿಲ್ಲಿಸದೆ ವಾರವಾರಕ್ಕೆ ಇಳಿಸುತ್ತ ಬಂದರು. ಮೊದಲ ಸಲವೇ ಸ್ಪಷ್ಟವಾಗಿ ಹೇಳಿದರು: “ಗುಳಿಗಿ ಅರ್ಧ ಕೆಲಸ ಮಾಡತೈತಿ. ಉಳದದ್ದಕ್ಕ ಥೆರಪಿ ಬೇಕು. ಅದನ್ನ ವಾರಾ ವಾರಾ ಒಂದ ತಾಸು ಕುಂತು ಮಾಡೋರು ನಮ್ಮ ಕ್ಲಿನಿಕ್ಕಿನ್ಯಾಗ ಇಲ್ಲ.”

ಬೆಳಗಾವಿಯ ಬಸ್ಸು

ಬಾಗಲಕೋಟೆಯಲ್ಲೇ ಮೆಡಿಕಲ್ ಕಾಲೇಜಿದೆ, ಮನೋರೋಗ ವಿಭಾಗವಿದೆ. ಚಾಲಕರು ಒಲ್ಲೆ ಎಂದರು. “ನವನಗರದಾಗ ಎಲ್ಲಿ ನಿಂತರೂ ನಮ್ಮ ಮಂದಿನ ಭೆಟ್ಟಿ ಆಗ್ತಾರ್ರಿ.” ಮುಳುಗಡೆಯ ಹಳ್ಳಿಗಳ ಮಂದಿಯೆಲ್ಲ ಬಾಗಲಕೋಟೆಯ ಹೊಸ ಭಾಗವಾದ ನವನಗರಕ್ಕೇ ಓಡಾಡುವವರು, ಅವರ ಮಾತು ಸುಳ್ಳಲ್ಲ. ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಒಪ್ಪಿದರು. ದಿನ ಗೊತ್ತುಮಾಡಿದೆ.

ಮೊದಲ ಸಲ ಹೋಗಲಿಲ್ಲ. ಬಸ್ಸು ಕೆಟ್ಟಿತು ಎಂದರು. ಎರಡನೇ ಸಲವೂ ಹೋಗಲಿಲ್ಲ, ಜ್ವರ ಎಂದರು. ಬೆಳಗಾವಿಯವರು ಸಿಟ್ಟಾಗದಿದ್ದರೂ, ಬಿಟ್ಟುಹೋದ ತಾಸಿನ ಲೆಕ್ಕ ಅವರಿಗೂ ಇರುತ್ತದೆ. ನಾನು ನನ್ನ ಫೈಲಿನಲ್ಲಿ ‘ಸಹಕಾರವಿಲ್ಲ’ ಎಂದು ಬರೆದೆ. ಆ ಪುಟ ಈಗಲೂ ಇದೆ.

ಮೂರನೇ ಸಲ ಹೆಂಡತಿಯೂ ಜೊತೆಗೆ ಹೊರಟರು. ಹನ್ನೊಂದರ ಸುಮಾರಿಗೆ ಅವರ ಫೋನು: “ಸರ, ಲೋಕಾಪುರದಾಗ ಇಳದ್ರು. ಸ್ಟ್ಯಾಂಡಿನ್ಯಾಗ ಕುಂತಾರ. ವಾಂತಿ ಮಾಡಾಕತ್ತಾರ. ಏನ ಕೇಳಿದ್ರೂ ಮಾತಾಡವಲ್ರು.” ಆಗ ನನಗೆ ಹೊಳೆಯಿತು. ಬಾಗಲಕೋಟೆಯಿಂದ ಬೆಳಗಾವಿಗೆ ಬಸ್ಸು ಹೋಗುವುದು ಕಲಾದಗಿ, ಲೋಕಾಪುರ, ಯರಗಟ್ಟಿ ಮೇಲೆ. ಎಲ್ಲಮ್ಮನ ಗುಡ್ಡದಿಂದ ಅವರು ವಾಪಸು ಬಂದದ್ದೂ ಯರಗಟ್ಟಿ, ಲೋಕಾಪುರ ಮೇಲೆ. ಅಪಘಾತದ ಜಾಗ ನನ್ನ ಫೈಲಿನ ಮೊದಲ ಪುಟದಲ್ಲೇ ನನ್ನ ಅಕ್ಷರದಲ್ಲೇ ಇತ್ತು. ಯಾವ ಜಾಗದ ನೆನಪಿನಿಂದ ಅವರ ಜೀವ ನಡುಗುತ್ತದೋ ಅದೇ ಜಾಗದ ಮೇಲೆ, ಚಿಕಿತ್ಸೆಗೆಂದು, ಮೂರು ಸಲ ಬಸ್ಸು ಹತ್ತಿಸಿದ್ದೆ.

ಪಿಟಿಎಸ್‌ಡಿಯ ಲಕ್ಷಣಗಳನ್ನು ಪುಸ್ತಕದಲ್ಲಿ ನಾಲ್ಕು ಗುಂಪು ಮಾಡಿ ಕೊಡುತ್ತಾರೆ: ನೆನಪು ಬೇಡವೆಂದರೂ ನುಗ್ಗುವುದು, ನೆನಪಿಸುವುದರಿಂದ ದೂರ ಸರಿಯುವುದು, ಮನಸ್ಸು ಮತ್ತು ನಂಬಿಕೆಗಳು ಕಪ್ಪಾಗುವುದು, ಮೈ ಸದಾ ಎಚ್ಚರದಲ್ಲಿ ಬಿಗಿದಿರುವುದು. ಇವು ಒಂದು ತಿಂಗಳು ದಾಟಿ ಉಳಿದು ಬದುಕಿಗೆ ಅಡ್ಡ ಬಂದರೆ ಆ ಹೆಸರು. ಎರಡನೆಯದು, ಈ ದೂರ ಸರಿಯುವುದು, ಥೆರಪಿಸ್ಟ್ ಹುಡುಕುವ ಕೆಲಸದ ಬುಡಕ್ಕೇ ಕೊಡಲಿ ಹಾಕುತ್ತದೆ. ಕಾಲು ಮುರಿದವನು ದವಾಖಾನೆಗೆ ಹೋಗಲು ಹೆದರುವುದಿಲ್ಲ. ಇಲ್ಲಿ ದವಾಖಾನೆಯೆಂದರೆ ಆ ರಾತ್ರಿಯ ಬಗ್ಗೆ ಮಾತಾಡುವ ಜಾಗ, ಆದ್ದರಿಂದ ಹೋಗದಿರುವುದೇ ರೋಗದ ಕೆಲಸ. ಬಾರದವರನ್ನು ಮೊಂಡರು ಅನ್ನುವುದೂ, ಜ್ವರ ಬಂದವನಿಗೆ ಯಾಕೆ ಮೈ ಬಿಸಿ ಮಾಡಿಕೊಂಡೆ ಅನ್ನುವುದೂ ಒಂದೇ. ಫೈಲಿನ ‘ಸಹಕಾರವಿಲ್ಲ’ ಮೇಲೆ ಗೀಟು ಎಳೆದೆ.

ಫೋನಿನ ಮೇಲೆ ಏಳು ಜನ

ಅಕ್ಟೋಬರಿನಲ್ಲಿ ನಾನು ಮತ್ತು ಅವರ ತಮ್ಮ ಕೂತು ಹುಡುಕಲು ಶುರುಮಾಡಿದೆವು. ವಿಜಯಪುರ, ಬೆಳಗಾವಿ, ಹುಬ್ಬಳ್ಳಿ, ಧಾರವಾಡ, ಆನ್‌ಲೈನ್ ಎಂದರೆ ಬೆಂಗಳೂರು. ಏಳು ಜನರಿಗೆ ಫೋನು ಮಾಡಿದೆವು. ಅಂಥ ಹುಡುಕಾಟದಲ್ಲಿರುವ ಮನೆಯವರಿಗೆ ಹೆಚ್ಚು ಉಪಯೋಗ ಬೀಳುವುದು ಈ ಭಾಗ ಅನಿಸುತ್ತದೆ, ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬೋರ್ಡಿನ ಮೇಲೆ ‘ಮನಃಶಾಸ್ತ್ರಜ್ಞ’, ‘ಆಪ್ತಸಮಾಲೋಚಕ’, ‘ಮೈಂಡ್ ಕೇರ್’ ಎಂದು ಬರೆದವರೆಲ್ಲರ ಓದು ಒಂದೇ ಅಲ್ಲ. ಮನೋವೈದ್ಯರು ಎಂಬಿಬಿಎಸ್ ಆದ ಮೇಲೆ ಮನೋರೋಗದಲ್ಲಿ ಎಂಡಿಯೋ ಡಿಪ್ಲೊಮಾವೋ ಮಾಡಿದವರು, ಔಷಧ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಸಾಮಾನ್ಯವಾಗಿ ಎಂ.ಎ. ಅಥವಾ ಎಂಎಸ್‌ಸಿ ನಂತರ ಆಸ್ಪತ್ರೆಯಲ್ಲಿದ್ದು ಎರಡು ವರ್ಷದ ಎಂ.ಫಿಲ್ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು. ಆ ನೋಂದಣಿಯನ್ನು ಪರಿಷತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆಪ್ತಸಮಾಲೋಚಕರಲ್ಲಿ ತುಂಬಾ ಒಳ್ಳೆಯವರಿದ್ದಾರೆ, ಮೂರು ದಿನದ ಶಿಬಿರ ಮುಗಿಸಿ ಬೋರ್ಡು ಹಾಕಿದವರೂ ಇದ್ದಾರೆ. ನೋಂದಣಿ ಇದ್ದ ಮಾತ್ರಕ್ಕೆ ಆಘಾತದ ಚಿಕಿತ್ಸೆ ಗೊತ್ತಿದೆ ಎಂದೂ ಅಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು.

ನಾವು ಎಲ್ಲರಿಗೂ ಕೇಳಿದ್ದು ಹೆಚ್ಚುಕಡಿಮೆ ಇಷ್ಟೇ: ಅಪಘಾತದಿಂದ ಪಿಟಿಎಸ್‌ಡಿ ಆದವರನ್ನು ನೋಡಿದ್ದೀರಾ? ಯಾವ ಪದ್ಧತಿ? ಎಷ್ಟು ಸಲ ಬರಬೇಕು? ನಡುವೆ ಹೆಚ್ಚಾದರೆ ಏನು ಮಾಡುತ್ತೀರಿ? ಹೆಚ್ಚಾದರೆ ಎಂಬ ಪ್ರಶ್ನೆಗೆ ಬಂದ ಉತ್ತರವೇ ಆಳ ತೋರಿಸುತ್ತಿತ್ತು. ಒಬ್ಬರು “ಪಾಸಿಟಿವ್ ಥಿಂಕಿಂಗ್ ಹೇಳಿಕೊಡ್ತೀವಿ, ಹೆಚ್ಚಾಗೋ ಪ್ರಶ್ನೆನೇ ಇಲ್ಲ” ಎಂದರು. ಇನ್ನೊಬ್ಬರು ಒಂದೇ ಸಿಟ್ಟಿಂಗಿನಲ್ಲಿ ಹಿಪ್ನಾಟಿಸಂ ಮಾಡಿ ಆ ನೆನಪನ್ನೇ ಅಳಿಸುತ್ತೇನೆ, ಎಂಟು ಸಾವಿರ ಎಂದರು. ತಮ್ಮನಿಗೆ ಇದು ಬಹಳ ಹಿಡಿಸಿತು, ಅದು ಬೇಡವೆಂದು ಅವನನ್ನು ಒಪ್ಪಿಸಲು ನನಗೆ ಅರ್ಧ ದಿನ ಬೇಕಾಯಿತು. ನೆನಪು ಅಳಿಸುವ ಚಿಕಿತ್ಸೆ ಯಾವುದೂ ಇಲ್ಲ. ನೆನಪು ಬಂದರೂ ಮೈ ಆ ರಾತ್ರಿಗೆ ವಾಪಸು ಹೋಗದಂತೆ ಮಾಡುವುದು ಇದೆ. ಅದಕ್ಕೆ ಆಧಾರವಿರುವ ದಾರಿಗಳು ಕೆಲವೇ: ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸುವ ಮಾತಿನ ಚಿಕಿತ್ಸೆ), ಅದರೊಳಗೇ ಬರುವ ಸಿಪಿಟಿ (ಘಟನೆಯ ಬಗ್ಗೆ ಕಟ್ಟಿಕೊಂಡ ಯೋಚನೆಗಳನ್ನು ಪರೀಕ್ಷಿಸುವುದು) ಮತ್ತು ಪ್ರೊಲಾಂಗ್ಡ್ ಎಕ್ಸ್‌ಪೋಷರ್ (ದೂರ ಇಟ್ಟ ನೆನಪು, ಜಾಗಗಳನ್ನು ಮೆಲ್ಲಗೆ ಎದುರಿಸುವುದು), ಮತ್ತು ಇಎಂಡಿಆರ್ (ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣು ಅತ್ತಿತ್ತ ಆಡಿಸುವ ಪದ್ಧತಿ). ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಆಘಾತ ಕೇಂದ್ರಿತ ಸಿಬಿಟಿ ಮತ್ತು ಇಎಂಡಿಆರ್ ಎರಡನ್ನೂ ಸೂಚಿಸಿತ್ತು. ಫೋನೆತ್ತಿದವರು ಇವುಗಳಲ್ಲಿ ಯಾವುದಾದರೂ ಒಂದರ ಹೆಸರು ಹೇಳಿ, ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳಬಲ್ಲರೇ ಎಂಬುದೇ ನಮ್ಮ ಜರಡಿಯಾಯಿತು. ಏಳರಲ್ಲಿ ಮೂವರು ಉಳಿದರು.

ಮೊದಲು ಹಿಡಿದದ್ದು ಬೆಂಗಳೂರಿನ ಒಬ್ಬ ಮೇಡಂ. ಓದು, ಅನುಭವ ಎರಡೂ ಇತ್ತು, ವಿಡಿಯೋ ಮೇಲೆ ಮಾಡುವವರು. ದಾರಿಯ ಸಮಸ್ಯೆಯೇ ಇಲ್ಲವಲ್ಲ ಎಂದು ಹಿಗ್ಗಿದೆ. ಎರಡು ಸಲ ಆದ ಮೇಲೆ ಚಾಲಕರು ನನ್ನ ಹತ್ತಿರ ಬಂದು ಸಂಕೋಚದಿಂದ ಹೇಳಿದರು: “ಮೇಡಂ ಭಾಳ ಛಲೋ ಅದಾರ್ರಿ. ಆದ್ರ ನನಗ ಹಳಹಳಿ ಆಗ್ತೈತ್ರಿ ಅಂದೆ. ಹಂಗಂದ್ರ ಹೊಟ್ಟೆ ತೊಳಸೋದಾ ಅಂತ ಕೇಳಿದ್ರು.” ಹಳಹಳಿ ಎಂಬುದು ಅವರ ಇಡೀ ರೋಗದ ನಡುಗಂಬ. ಮಾಡಬಾರದ್ದು ಮಾಡಿದೆ, ಮಾಡಬೇಕಾದ್ದು ಮಾಡಲಿಲ್ಲ ಎಂದು ಒಳಗೇ ಕೊರೆಯುವುದು. ಅದಕ್ಕೆ ಅವರ ಹತ್ತಿರ ಬೇರೆ ಶಬ್ದವಿರಲಿಲ್ಲ. ಮೇಡಂ ಅವರದು ತಪ್ಪಲ್ಲ, ಕೇಳಿ ತಿಳಿದುಕೊಂಡರು ಕೂಡ. ಆದರೆ ಪ್ರತಿ ಮಾತಿಗೂ ಅರ್ಥ ಹೇಳಿಕೊಂಡು ಅಳುವುದು ಯಾರಿಗಾದರೂ ಕಷ್ಟ. ಕನ್ನಡ ಬರುತ್ತದೆಯೇ ಎಂದು ನಾವು ಕೇಳಿದ್ದೆವು, ಯಾವ ಕನ್ನಡ ಎಂದು ಕೇಳಿರಲಿಲ್ಲ.

ಎರಡನೆಯವರು ಧಾರವಾಡದಲ್ಲಿ ಖಾಸಗಿಯಾಗಿ ನೋಡುವ ಕ್ಲಿನಿಕಲ್ ಸೈಕಾಲಜಿಸ್ಟ್, ಹುಟ್ಟಿದ್ದು ವಿಜಯಪುರದ ಕಡೆ. ಫೋನಿನಲ್ಲೇ, “ಮೊದಲ ಸಲ ನಾ ಅವರ ಕಡಿಂದ ಏನೂ ಹೇಳಸಂಗಿಲ್ಲ. ನಾ ಏನ ಮಾಡಾಂವ ಅನ್ನೋದನ್ನ ನಾನ ಹೇಳ್ತೀನಿ. ಆಮ್ಯಾಲ ಅವರು ಬೇಕಂದ್ರ ಬರ್ತಾರ” ಎಂದರು. ಅಷ್ಟು ಸಾಕಾಯಿತು. ಫೀಸು ಒಂದು ಸಲಕ್ಕೆ ಎಂಟುನೂರು, ವಿಡಿಯೋ ಆದರೆ ಐನೂರು. ಕ್ರೂಸರ್ ಮಾರಿ ಫೈನಾನ್ಸ್ ತೀರಿಸಿದ ಮೇಲೆ ಉಳಿದ ಚೂರುಪಾರು ದುಡ್ಡು ಇದಕ್ಕೆ ಹೋಯಿತು.

ಒಪ್ಪಿಗೆಗೆ ಮುಂಚೆ ಚಾಲಕರದೊಂದು ಪ್ರಶ್ನೆಯಿತ್ತು. ಅವರ ಮೇಲೆ ಪೊಲೀಸ್ ಕೇಸು ನಡೆದಿತ್ತು, ಪರಿಹಾರದ ದಾವೆಯೂ ಇತ್ತು. ವಕೀಲರು ಯಾರ ಮುಂದೂ ಬಾಯಿ ಬಿಡಬೇಡ ಎಂದಿದ್ದರು. “ನಾ ಹೇಳಿದ್ದು ಕೋರ್ಟಿಗೆ ಹೋಗತೈತೇನ್ರಿ?” ನಾನು ಸುಳ್ಳು ಧೈರ್ಯ ಹೇಳಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ, ಆದರೆ ಉಚ್ಚ ನ್ಯಾಯಾಲಯ ಅಥವಾ ಅಧಿಕಾರವುಳ್ಳ ಪ್ರಾಧಿಕಾರದ ಆದೇಶ, ಜೀವಕ್ಕೆ ಅಪಾಯ ಇಂಥ ಕೆಲವು ಅಪವಾದಗಳಿವೆ. ಧಾರವಾಡದವರೂ ಅದನ್ನೇ ಹೇಳಿದರು, ಏನು ಬರೆದಿಡುತ್ತೇನೆ, ಏನು ಬರೆದಿಡುವುದಿಲ್ಲ ಎಂಬುದನ್ನು ಮೊದಲ ದಿನವೇ ತೋರಿಸಿದರು. ವಕೀಲರಿಗೂ ತಿಳಿಸಿಯೇ ಮುಂದುವರಿದೆವು. ಈ ಗಂಟು ಬಿಚ್ಚದೆ ಹೋಗಿದ್ದರೆ ಹನ್ನೆರಡು ವಾರವೂ ಅವರು ಹವಾಮಾನದ ಬಗ್ಗೆ ಮಾತಾಡಿ ಬರುತ್ತಿದ್ದರೇನೋ.

ರೈಲು, ಚಿಗರಿ, ಮೋಟಾರಿನ ಖೋಲಿ

ಧಾರವಾಡಕ್ಕೂ ಬಸ್ಸಿನವರು ಲೋಕಾಪುರ, ಯರಗಟ್ಟಿ, ಸವದತ್ತಿ ಮೇಲೆ ಹೋಗು ಎನ್ನುತ್ತಾರೆ. ಈ ಸಲ ಮೊದಲು ದಾರಿ ನೋಡಿ ಆಮೇಲೆ ದಿನ ಗೊತ್ತುಮಾಡಿದೆವು. ಬಾಗಲಕೋಟೆಯಿಂದ ಬಾದಾಮಿ, ಗದಗ ಮೇಲೆ ಹುಬ್ಬಳ್ಳಿಗೆ ರೈಲು. ಸುತ್ತು ಹೌದು. ಆದರೆ ರೈಲಿಗೆ ಎದುರು ಕಬ್ಬಿನ ಟ್ರೇಲರ್ ಬರುವುದಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು. ಅದರ ಹಾದಿಯೇ ಬೇರೆ ಎಂದು ನೋಡಿ ಚಾಲಕರು ತಮ್ಮನಿಗೆ, “ಈ ರಸ್ತಾದಾಗ ಬ್ಯಾರೆ ಗಾಡಿ ಬರಂಗಿಲ್ಲಲೇ” ಎಂದು ಎರಡು ಸಲ ಹೇಳಿದರಂತೆ. ಮೊದಲ ಮೂರು ಸಲ ಹೀಗೆ ಹೋಗಿ ಬಂದರು. ನವೆಂಬರ್ ಕೊನೆಯಲ್ಲಿ ಶುರು.

ಥೆರಪಿ ಸಿಪಿಟಿ. 1980ರ ದಶಕದ ಕೊನೆಯಲ್ಲಿ ಪೆಟ್ರೀಷಿಯಾ ರೆಸಿಕ್ ಅಮೆರಿಕದಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳಿಗಾಗಿ ರೂಪಿಸಿದ್ದು, ಆಮೇಲೆ ಸೈನಿಕರಿಗೂ ಬೇರೆಯವರಿಗೂ ಬಂತು. ಸಾಮಾನ್ಯವಾಗಿ ಹನ್ನೆರಡು ಸಲ. ಘಟನೆಯನ್ನು ಮತ್ತೆ ಮತ್ತೆ ಹೇಳಿಸುವುದಕ್ಕಿಂತ ಘಟನೆಯ ಸುತ್ತ ಮನಸ್ಸು ಕಟ್ಟಿಕೊಂಡ ತೀರ್ಪುಗಳನ್ನು ಹಿಡಿದು ಪ್ರಶ್ನಿಸುವುದು ಅದರ ಹೂರಣ. ಬರೆಯುವ ಮನೆಗೆಲಸ ಇರುತ್ತದೆ. ಏಳನೇ ಇಯತ್ತೆಗೆ ಸಾಲೆ ಬಿಟ್ಟ ಚಾಲಕರು ಬರೆಯಲು ಒಲ್ಲೆ ಎಂದಾಗ ವಾಟ್ಸ್‌ಆ್ಯಪ್ಪಿನ ಧ್ವನಿ ಸಂದೇಶದಲ್ಲಿ ಕಳಿಸಲು ಹೇಳಿದರಂತೆ.

ನಾಲ್ಕನೇ ಸಲದಿಂದ ವಿಡಿಯೋ. ಎರಡು ಖೋಲಿಯ ಮನೆಯಲ್ಲಿ ಗುಟ್ಟಿನ ಮಾತು ಆಗದು, ನೆಟ್‌ವರ್ಕೂ ಇಲ್ಲ. ಹೊಲದ ಮೋಟಾರಿನ ಖೋಲಿಯಲ್ಲಿ ಎರಡು ಗೀಟು ಸಿಗ್ನಲ್ ಬರುತ್ತಿತ್ತು. ಹಾಗಾಗಿ ಥೆರಪಿಯ ಹೊತ್ತು ನಿಗದಿಯಾದದ್ದು ತ್ರೀ ಫೇಸ್ ಕರೆಂಟಿನ ಪಾಳಿ ನೋಡಿ, ಮೋಟಾರು ಬಂದ್ ಇರುವ ಹೊತ್ತಿಗೆ. ವಾರ ವಾರಕ್ಕೆ ಪಾಳಿ ಬದಲಾದಂತೆ ಧಾರವಾಡದವರೂ ತಮ್ಮ ತಾಸು ಬದಲಿಸಿಕೊಂಡರು.

ಐದನೇ ವಾರ ಎಲ್ಲ ಕೆಟ್ಟಿತು. ಕನಸು ಹೆಚ್ಚಾಯಿತು, ಬಿಟ್ಟಿದ್ದ ಶೆರೆ ಮತ್ತೆ ಎರಡು ದಿನ ಬಂತು. ಕಬ್ಬಿನ ಹಂಗಾಮು ಬೇರೆ, ರಾತ್ರಿಯೆಲ್ಲ ಟ್ರ್ಯಾಕ್ಟರಿನ ಹಾಡು. ಹೆಂಡತಿ ಬಂದು, “ಸಾಕರಿ ಸರ, ಇದರಕಿಂತ ಮೊದಲಿದ್ದದ್ದ ಛಲೋ ಇತ್ತು” ಎಂದರು. ಬೇಡದ ನೆನಪಿನ ಹತ್ತಿರ ಹೋಗುವ ಚಿಕಿತ್ಸೆಯಲ್ಲಿ ಕೆಲವರಿಗೆ ಸ್ವಲ್ಪ ದಿನ ಹೀಗೆ ಆಗುತ್ತದೆ. ಧಾರವಾಡದವರು ಮೊದಲೇ ಇದನ್ನು ಇಬ್ಬರನ್ನೂ ಕೂರಿಸಿ ಹೇಳಿದ್ದರು, ಹಾಗಾದಾಗ ಯಾರಿಗೆ ಫೋನು ಮಾಡಬೇಕೆಂದೂ ಬರೆದುಕೊಟ್ಟಿದ್ದರು. ಆ ಚೀಟಿ ಅವರ ಅಡಿಗೆಮನೆಯ ಗೋಡೆಗೆ ಅಂಟಿಸಿತ್ತು. ಆ ವಾರ ಎರಡು ಸಲ ಮಾತಾಡಿದರು, ಮನೋವೈದ್ಯರು ಗುಳಿಗೆಯ ಪ್ರಮಾಣ ನೋಡಿದರು. ಥೆರಪಿ ನಡುವೆಯೇ ಬಿಡುವವರು ಬಿಡುವುದು ಇಂಥ ವಾರದಲ್ಲೇ.

ಏಳನೇ ಸಲ ಹೊರಬಂದದ್ದನ್ನು ಇಲ್ಲಿ ಬರೆಯಲು ಚಾಲಕರೇ ಹೇಳಿದರು. ಆ ಕ್ಷಣ ಪಕ್ಕದ ಸೀಟಿನ ಅಣ್ಣ ಎಲೆ ಅಡಿಕೆ ಮಡಚಿ ಕೈ ಚಾಚಿದ್ದ, ಅದನ್ನು ತೆಗೆದುಕೊಳ್ಳಲು ಇವರು ಎಡಗೈ ನೀಡಿದ್ದರು. ವರ್ಷ ಸಮೀಪಿಸಿದರೂ ಪೊಲೀಸರಿಗೆ, ವಕೀಲರಿಗೆ, ಹೆಂಡತಿಗೆ ಯಾರಿಗೂ ಹೇಳಿರದ ಮಾತು. ‘ಒಂದ ಎಲಿ ಸಲುವಾಗಿ ಅಣ್ಣನ್ನ ಕೊಂದೆ’ ಎಂಬುದು ಅವರ ಒಳಗಿನ ತೀರ್ಪು. ಥೆರಪಿಸ್ಟ್ ಅದನ್ನು ಅಲ್ಲಗಳೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ದೀಪವಿಲ್ಲದ ಟ್ರೇಲರ್ ಎಷ್ಟು ದೂರದಿಂದ ಕಾಣುತ್ತದೆ? ಎರಡೂ ಕೈ ಸ್ಟಿಯರಿಂಗ್ ಮೇಲಿದ್ದಿದ್ದರೆ ಏನಾಗುತ್ತಿತ್ತು? ಗೊತ್ತಿರಲಿಲ್ಲ ಎನ್ನುವುದೂ ಬೇಕೆಂದು ಮಾಡಿದ್ದು ಎನ್ನುವುದೂ ಒಂದೇ ಏನು? ಇಂಥ ಪ್ರಶ್ನೆಗಳನ್ನು ಮೂರು ವಾರ ಕೇಳಿದರಂತೆ. ಕೊನೆಗೆ ಚಾಲಕರು ತಲುಪಿದ ಮಾತು ‘ನನ್ನ ತಪ್ಪಿಲ್ಲ’ ಎಂಬುದಲ್ಲ. “ನಂದೂ ಒಂದ ಪಾಲು ಐತ್ರಿ, ಪೂರಾ ನಂದಲ್ಲ” ಎಂದು. ಯಾರಾದರೂ ಮೊದಲ ದಿನವೇ ‘ನಿಂದೇನೂ ತಪ್ಪಿಲ್ಲ ಬಿಡಪ್ಪ’ ಎಂದು ಬೆನ್ನು ತಟ್ಟಿದ್ದರೆ ಆ ಪಾಲು ಅವರ ಎದೆಯಲ್ಲೇ ಉಳಿಯುತ್ತಿತ್ತು. ಹಾಗೆ ಬೆನ್ನು ತಟ್ಟಿದವರು ಬೇಕಾದಷ್ಟು ಮಂದಿ ಇದ್ದರು, ನಾನೂ ಒಬ್ಬ.

ಮಾರ್ಚ್ ಕೊನೆಗೆ

ಹನ್ನೆರಡನೇ ಸಲ ಮುಗಿದಾಗ ಪಿಸಿಎಲ್-5ರಲ್ಲಿ 57 ಇದ್ದದ್ದು 21. ಆಲ್ಪ್ರಜೋಲಾಮ್ ಡಿಸೆಂಬರಿನಲ್ಲೇ ನಿಂತಿತ್ತು, ಸರ್ಟ್ರಲೀನ್ ಮುಂದುವರಿದಿದೆ. ಅಡಿಗೆಗೆ ಅರಿಷಿಣ ವಾಪಸು ಬಂತು. ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಮುಂದೆ ಕುಳಿತು ಎಲೆಯ ಮಾತನ್ನೂ ಹೇಳಿದರು. ಅತ್ತಿಗೆ ಎದ್ದು ಒಳಗೆ ಹೋದರು, ಒಂದು ತಿಂಗಳು ಮಾತಾಡಲಿಲ್ಲ, ಈಗ ಮಾತಾಡುತ್ತಾರೆ. ಕೇಸು ಇನ್ನೂ ಇದೆ, ತಾರೀಖಿನ ಹಿಂದಿನ ರಾತ್ರಿ ಈಗಲೂ ನಿದ್ದೆಯಿಲ್ಲ. ರಾತ್ರಿ ಗಾಡಿ ಹೊಡೆಯುವುದಿಲ್ಲ, ಮುಂದೂ ಹೊಡೆಯುವುದಿಲ್ಲ ಎನ್ನುತ್ತಾರೆ. ಶೆರೆ ಪೂರ್ತಿ ಹೋಗಿಲ್ಲ.

ನನ್ನ ಮಂಗಳವಾರದ ಕಾಗದದಲ್ಲಿ ಎರಡು ಬದಲಾವಣೆ ಆಗಿವೆ. ಘಟನೆಯ ವಿವರ ಬರೆಯುವ ಜಾಗಕ್ಕೆ ಒಂದೇ ಗೆರೆ ಬಿಟ್ಟಿದ್ದೇನೆ. ಬೇರೆ ಊರಿಗೆ ಕಳಿಸುವವರಿದ್ದರೆ, ಯಾವ ದಾರಿ, ಯಾವ ಹೊತ್ತು, ಜೊತೆಗೆ ಯಾರು ಎಂದು ಕೇಳುವ ಸಾಲು ಹೊಸದಾಗಿ ಸೇರಿಸಿದ್ದೇನೆ. ಹೋದ ತಿಂಗಳು ಒಬ್ಬ ಹೆಣ್ಣುಮಗಳ ವಿಷಯದಲ್ಲಿ ಆ ಸಾಲಿನಿಂದಲೇ ಗೊತ್ತಾಯಿತು, ನಾವು ಹೇಳಿದ ಆಸ್ಪತ್ರೆಯ ಗೇಟಿನ ಎದುರೇ ಆಕೆಯನ್ನು ಹೊಡೆದವನ ಅಂಗಡಿಯಿದೆ ಎಂದು.

ಏಪ್ರಿಲಿನ ಒಂದು ಬೆಳಿಗ್ಗೆ ಚಾಲಕರ ಫೋನು ಬಂತು. ತಮ್ಮನ ಜೊತೆ ಬೆಳಗಾವಿ ಬಸ್ಸು ಹತ್ತಿದ್ದರು. ಹೇಳಿಯೂ ಇರಲಿಲ್ಲ. “ಸರ, ಯರಗಟ್ಟಿ ಸ್ಟ್ಯಾಂಡಿನ್ಯಾಗ ಅದೇನ್ರಿ. ಚಾ ಕುಡ್ಯಾಕತ್ತೀನಿ.” ನಾನು ಏನಾದರೂ ಹೇಳುವ ಮೊದಲೇ ಕೇಳಿದರು: “ವಾಪಸ್ ಬರಾಕ ಬ್ಯಾರೆ ದಾರಿ ಐತೇನ್ರಿ?” ಇದೆ ಎಂದೆ. ಅಲ್ಲಿಂದಲೇ ಸವದತ್ತಿ ಮೇಲೆ ಧಾರವಾಡಕ್ಕೆ ಹೋಗಿ, ಚಿಗರಿ ಹತ್ತಿ, ಹುಬ್ಬಳ್ಳಿಯಿಂದ ರೈಲು ಹಿಡಿದು ರಾತ್ರಿ ಬಹಳ ಹೊತ್ತಾದ ಮೇಲೆ ಮನೆ ಮುಟ್ಟಿದರು.